ಮರದ ಕೆಳಗೆ – ಓದುಗರ ಪ್ರಶ್ನೆ, ನಮ್ಮ ಉತ್ತರ: ಒಂದೇ ಮರ, ಅರ್ಧ ಹೂವು, ಅರ್ಧ ಚಿಗುರು

ಶಿವರಾತ್ರಿ ಕಳೆಯಿತು. ಚಳಿ ಶಿವಶಿವಾ ಅಂತ ಹೊರಟಿದೆ. ಈ ತಿಂಗಳು ಬಂದ ಕಾಗದ, ವಾಟ್ಸ್‌ಆ್ಯಪ್ ಸಂದೇಶಗಳಲ್ಲಿ ಮುಕ್ಕಾಲು ಪಾಲು ಹೂವಿನ ಬಗ್ಗೆಯೇ. ಮಾವು ಬಿಟ್ಟಿಲ್ಲ, ಬೇವು ಮುಂಚೆ ಬಿಟ್ಟಿತು, ತೆಂಗಿನಲ್ಲಿ ಕಾಯಿ ಕಮ್ಮಿ. ಹಾಗಾಗಿ ಈ ಸಲದ ಪುಟ ಪೂರ್ತಿ ಹೂವಿಗೇ ಇರಲಿ.

ಹೊಸದಾಗಿ ಓದುತ್ತಿರುವವರಿಗೆ ಎರಡು ಮಾತು. ನಾನು ಶ್ರೀನಿವಾಸಪುರ ತಾಲ್ಲೂಕಿನ ಹೈಸ್ಕೂಲಿನಲ್ಲಿ 31 ವರ್ಷ ವಿಜ್ಞಾನ ಹೇಳಿಕೊಟ್ಟವಳು. ಈಗ ಯಲ್ದೂರು ಕಡೆ ಅಪ್ಪ ಬಿಟ್ಟುಹೋದ ಮಾವಿನ ತೋಟ ನೋಡಿಕೊಳ್ಳುತ್ತಿದ್ದೇನೆ. ಜಗಲಿ ಕಂಬಕ್ಕೆ ಒಂದು ಥರ್ಮಾಮೀಟರ್ ಕಟ್ಟಿದ್ದೇನೆ. ಪಕ್ಕದಲ್ಲಿ ಮೊಳೆಗೆ ನೇತುಹಾಕಿದ ನೋಟ್‌ಬುಕ್ಕು. ಯಾವ ಮರ ಯಾವತ್ತು ಮೊದಲ ಹೂ ಬಿಟ್ಟಿತು ಅಂತ ಅದರಲ್ಲಿ ಬರೆಯುತ್ತೇನೆ. ಇಲ್ಲಿನ ಉತ್ತರಗಳಲ್ಲಿ ಅರ್ಧ ಆ ಪುಸ್ತಕದಿಂದ ಬಂದದ್ದು.

ಪ್ರಶ್ನೆ: ಮೇಡಂ, ನಮ್ಮದು ನಾಲ್ಕು ಎಕರೆ ಬಾದಾಮಿ ಮಾವು, ಎರಡು ಎಕರೆ ತೋತಾಪುರಿ ಮಾವು. ತೋತಾಪುರಿ ಸುಮಾರಾಗಿ ಹೂ ಬಿಟ್ಟಿದೆ. ಬಾದಾಮಿಯಲ್ಲಿ ಮಾತ್ರ ಒಂದೇ ಮರದ ಮೂಡಲ ಕಡೆ ಹೂವು, ಪಡುವಲ ಕಡೆ ಬರೀ ಕೆಂಪು ಚಿಗುರು. ವ್ಯಾಪಾರಿ ಬಂದು ನೋಡಿ, ಈ ವರ್ಷ ಗುತ್ತಿಗೆ ಬೇಡ ಅಂದು ಹೋದರು. ಮರಕ್ಕೆ ಏನಾಗಿದೆ?
– ರೈತರೊಬ್ಬರು, ಚಿಂತಾಮಣಿ ತಾಲ್ಲೂಕು

ಉತ್ತರ: ಮರಕ್ಕೆ ರೋಗ ಬಂದಿಲ್ಲ, ಗಾಬರಿ ಬೇಡ. ಒಂದು ವಿಷಯ ನೆನಪು ಮಾಡಿಕೊಳ್ಳಿ. ಹೋದ ವರ್ಷ ಕಾಯಿ ಕಿತ್ತಾಗ ಯಾವ ಕಡೆ ಜಾಸ್ತಿ ಇತ್ತು? ಪಡುವಲ ಕಡೆಯೇ ಇದ್ದಿರಬೇಕು ಅಂತ ನನ್ನ ಊಹೆ.

ಮಾವಿನ ಮರದಲ್ಲಿ ಒಂದೊಂದು ಕೊಂಬೆಯದೂ ಒಂದೊಂದು ಲೆಕ್ಕ. ಕಾಯಿ ಹೊತ್ತ ಕೊಂಬೆ ಬಳಲಿರುತ್ತದೆ. ಕಾಯಿ ಇಳಿಸಿದ ಮೇಲೆ ಅದು ನಿಧಾನವಾಗಿ ಚಿಗುರುತ್ತದೆ. ಖಾಲಿ ಇದ್ದ ಕೊಂಬೆ ಮುಂಗಾರು ಮಳೆಗೇ ಚಿಗುರಿ ಮುಗಿಸಿರುತ್ತದೆ. ಈ ಚಿಗುರು ಬಲಿತು, ಎಲೆ ಕಡುಹಸಿರಾಗಿ, ನಾಲ್ಕೈದು ತಿಂಗಳಾದರೂ ಸುಮ್ನೆ ಕೂತಿರಬೇಕು. ಆಮೇಲೆ ಚಳಿ ಬಿದ್ದರೆ ಅದರ ತುದಿಯ ಮೊಗ್ಗು ಹೂವಿನ ಕಡೆ ತಿರುಗುತ್ತದೆ. ಚಳಿ ಬಂದಾಗ ಚಿಗುರು ಇನ್ನೂ ಎಳೆಯದಾಗಿದ್ದರೆ ಆ ಚಳಿ ಅದರ ಪಾಲಿಗೆ ವ್ಯರ್ಥ. ನಿಮ್ಮ ಮರದ ಎರಡು ಕಡೆಯವು ಎರಡು ವಯಸ್ಸಿನ ಕೊಂಬೆಗಳು.

ಚಳಿ ಎಷ್ಟು ಬೇಕು ಅಂತ ತುಂಬ ಜನ ಕೇಳುತ್ತಾರೆ. ರಾತ್ರಿ 15 ಡಿಗ್ರಿ ಆಸುಪಾಸಿಗೆ ಇಳಿಯಬೇಕು. ಒಂದೆರಡು ರಾತ್ರಿ ಇಳಿದು ಹೋದರೆ ಸಾಲದು, ಕೆಲವು ವಾರ ನಿಲ್ಲಬೇಕು. ಹಗಲು ಬಿಸಿಲಿರಬೇಕು, ನೆಲ ಒಣಗಿರಬೇಕು. ಈ ಮೂರೂ ಕೂಡಿದ ಡಿಸೆಂಬರ್ ಬಂದರೆ ಶ್ರೀನಿವಾಸಪುರದ ದಾರಿಯಲ್ಲಿ ಬಸ್ಸಿನ ಕಿಟಕಿ ತೆಗೆದರೆ ಸಾಕು, ಸಂಕ್ರಾಂತಿ ಹೊತ್ತಿಗೆ ಹೂವಿನ ವಾಸನೆ ಮೂಗಿಗೆ ಬಡಿಯುತ್ತದೆ.

ಚಳಿ ಬಂತು ಅಂತ ಮೊಗ್ಗಿಗೆ ಹೇಳುವುದು ಎಲೆ. ಈ ಸಂಗತಿ ನನಗೆ ಪಾಠ ಮಾಡುವ ಕಾಲದಿಂದಲೂ ಬಹಳ ಇಷ್ಟ. ಮಾವಿನ ಕೊಂಬೆಯ ಎಲೆಗಳನ್ನು ಚಳಿಗೆ ಮುಂಚೆಯೇ ಕಿತ್ತುಬಿಟ್ಟರೆ ಆ ಕೊಂಬೆ ಹೂ ಬಿಡುವುದಿಲ್ಲ. ಎಲೆಯಲ್ಲಿ ಏನೋ ಒಂದು ಹುಟ್ಟಿ ತುದಿಗೆ ಹೋಗುತ್ತದೆ ಅಂತ ಸೋವಿಯತ್ ವಿಜ್ಞಾನಿ ಮಿಖಾಯಿಲ್ ಚೈಲಾಖ್ಯಾನ್ 1930ರ ದಶಕದಲ್ಲೇ ಹೇಳಿದ್ದರು. ಅವರು ಮಾವಿನ ಮೇಲೆ ಕೆಲಸ ಮಾಡಿದವರಲ್ಲ, ಆದರೆ ಮಾತು ಎಲ್ಲ ಗಿಡಕ್ಕೂ ಸೇರಿದ್ದು. ಅದಕ್ಕೆ ಫ್ಲೋರಿಜೆನ್ ಅಂತ ಹೆಸರಿಟ್ಟರು. ಅದು ಎಫ್‌ಟಿ ಅನ್ನುವ ಪ್ರೋಟೀನ್ ಅಂತ ಗಟ್ಟಿಯಾಗಿದ್ದು 2007ರಲ್ಲಿ. ಎಪ್ಪತ್ತು ವರ್ಷ ಹುಡುಕಿದ್ದಾರೆ!

ಈಗ ಮಳೆಯ ಮಾತು. ನಮ್ಮ ಕಡೆ ಚಿತ್ತೆ, ಸ್ವಾತಿ ಮಳೆ ಬರಬೇಕು, ಕೆರೆಗೆ ಅದೇ ಆಸರೆ. ಆದರೆ ವಿಶಾಖ, ಅನುರಾಧದವರೆಗೂ ಜಿಟಿಜಿಟಿ ನಿಲ್ಲದಿದ್ದರೆ ಮಾವಿಗೆ ತೊಂದರೆ. ನೆಲ ಹಸಿ, ಆಕಾಶದಲ್ಲಿ ಮೋಡ. ಮೋಡ ಇದ್ದ ರಾತ್ರಿ ನೆಲದ ಕಾವು ಮೇಲೆ ಹೋಗುವುದಿಲ್ಲ, ಚಳಿ ಬೀಳುವುದಿಲ್ಲ. ಬೆಚ್ಚಗೆ ಇದ್ದು ನೀರೂ ಸಿಕ್ಕರೆ ಮರ ಚಿಗುರದೆ ಇನ್ನೇನು ಮಾಡುತ್ತದೆ? 2021ರ ನವೆಂಬರ್ ಮಳೆ ನಿಮಗೂ ಮರೆತಿರುವುದಿಲ್ಲ. ಕೋಲಾರ, ಚಿಕ್ಕಬಳ್ಳಾಪುರದ ಕೆರೆಗಳು ಕೋಡಿ ಬಿದ್ದವು. ನಮ್ಮ ತೋಟದಲ್ಲಿ ಆ ಸಲ ಹೂವು ಬಂದಿದ್ದೇ ತಡ, ಅದೂ ಕಂತು ಕಂತಾಗಿ.

ನಾನೇ ಮಾಡಿದ ಒಂದು ತಪ್ಪು ಹೇಳುತ್ತೇನೆ. ಅಪ್ಪ ತೀರಿಕೊಂಡ ವರ್ಷ ತೋಟ ನನ್ನ ಕೈಗೆ ಬಂತು. ಹೊಸ ಬೋರ್‌ವೆಲ್‌ನಲ್ಲಿ ಎರಡಿಂಚು ನೀರು ಬಿದ್ದಿತ್ತು. ದೀಪಾವಳಿ ಕಳೆದ ಮೇಲೆ ಮರದ ಬುಡದಲ್ಲಿ ನೆಲ ಬಿರುಕು ಬಿಟ್ಟಿದ್ದು ನೋಡಿ ಮನಸ್ಸು ತಡೆಯಲಿಲ್ಲ. ಎರಡು ಸಲ ನೀರು ಬಿಟ್ಟೆ. ಡಿಸೆಂಬರ್ ಕೊನೆಗೆ ಬೋರಿನ ಸುತ್ತಲಿನ ಮೂವತ್ತು ಮರಗಳ ತುಂಬ ತಾಮ್ರದ ಬಣ್ಣದ ಚಿಗುರು, ಜೋತುಬಿದ್ದ ಎಳೆ ಎಲೆ. ಪೈಪು ಮುಟ್ಟದ ದಿಬ್ಬದ ಮೇಲಿನ ಮರಗಳಲ್ಲಿ ಹೂವು. ಗೆರೆ ಎಳೆದ ಹಾಗೆ ಕಾಣುತ್ತಿತ್ತು. ಅಮ್ಮ ತೋಟದ ಬದುವಿನ ಮೇಲೆ ನಿಂತು ನೋಡಿ, "ನಿಮ್ಮಪ್ಪ ದೀಪಾವಳಿ ಆದ ಮೇಲೆ ಮಾವಿಗೆ ನೀರು ತೋರಿಸ್ತಿರಲಿಲ್ಲ ಕಣಮ್ಮ" ಅಂದರು. ಅಪ್ಪ ಇದನ್ನು ನನಗೆ ಯಾವತ್ತೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳಿಕೊಡಬೇಕಾದ ವಿಷಯ ಅಂತಲೇ ಅವರಿಗೆ ಅನ್ನಿಸಿರಲಿಕ್ಕಿಲ್ಲ.

ಇನ್ನು ನಿಮ್ಮ ಮೂಡಲ ಕಡೆಯ ಹೂವು. ನಾಳೆ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಒಂದು ಗೊಂಚಲು ಹಿಡಿದು, ಒಂದೊಂದೇ ಹೂವು ಕಿತ್ತು ಅಂಗೈ ಮೇಲೆ ಇಟ್ಟುಕೊಳ್ಳಿ. ಕನ್ನಡಕ ಹಾಕಿಕೊಂಡೇ ನೋಡಿ. ನಡುವೆ ಸಾಸಿವೆಗಿಂತ ಸಣ್ಣದಾದ ಹಳದಿ ಹಸಿರು ಗುಂಡು ಇದೆಯಾ? ಇದ್ದರೆ ಅದು ಕಾಯಿ ಕಟ್ಟಬಲ್ಲ ಹೂವು. ಗುಂಡು ಇಲ್ಲದೆ ಬರೀ ಕೇಸರ ಇದ್ದರೆ ಗಂಡು. ಒಂದು ಗೊಂಚಲಲ್ಲಿ ನೂರಾರು, ಕೆಲವೊಮ್ಮೆ ಸಾವಿರಾರು ಹೂವಿರುತ್ತವೆ, ಮುಕ್ಕಾಲು ಪಾಲು ಗಂಡೇ ಇದ್ದರೂ ಆಶ್ಚರ್ಯವಿಲ್ಲ. ಕೊರೆಯುವ ಚಳಿಯಲ್ಲಿ ಮೊದಲು ಬಂದ ಹೂವಿನಲ್ಲಂತೂ ಗಂಡು ಇನ್ನೂ ಜಾಸ್ತಿ. ಆಗ ನೊಣ, ಜೇನು ಓಡಾಡುವುದೂ ಕಮ್ಮಿ. ಆದ್ದರಿಂದ ಹೂವು ಸ್ವಲ್ಪ ತಡವಾಗಿ, ಫೆಬ್ರವರಿ ಬಿಸಿಲಿಗೆ ಬಂದರೆ ಕೊರಗಬೇಡಿ. ಹೂವು ಕಮ್ಮಿ ಇದ್ದರೂ ಹೀಚು ಚೆನ್ನಾಗಿ ನಿಂತ ವರ್ಷಗಳನ್ನು ನಾನು ಕಂಡಿದ್ದೇನೆ. ಹೇಗೂ ನೂರು ಹೂವಿಗೆ ಒಂದು ಕಾಯಿ ಕೊನೆವರೆಗೂ ನಿಂತರೆ ಅದೇ ದೊಡ್ಡದು.

ಎಲೆ ಮೇಲೆ ಜಿಗುಟು ಹೊಳಪು ಕಂಡರೆ ಜಿಗಿಹುಳು ಬಂದಿದೆ. ಗೊಂಚಲಿನ ಮೇಲೆ ಬಿಳಿ ಪುಡಿ ಕಂಡರೆ ಬೂದಿರೋಗ. ಔಷಧಿ ಯಾವುದು ಅಂತ ತೋಟಗಾರಿಕೆ ಇಲಾಖೆಯವರನ್ನೇ ಕೇಳಿ. ಹೂವು ಪೂರ್ತಿ ಅರಳಿರುವಾಗ ಮಾತ್ರ ಹೊಡೆಯಬೇಡಿ, ಕಾಯಿ ಕಟ್ಟಿಸುವ ನೊಣಗಳೂ ಸಾಯುತ್ತವೆ. ಹೀಚು ಬಟಾಣಿ ಗಾತ್ರ ಆಗುವವರೆಗೆ ನೀರು ಬೇಡ. ಪಡುವಲ ಕಡೆಯ ಚಿಗುರನ್ನು ಹಾಗೇ ಬಿಡಿ. ಮುಂದಿನ ವರ್ಷ ಆ ಕಡೆಯ ಸರದಿ. ಕಾಯಿ ಇಳಿಸಿದ ಕೂಡಲೇ, ಜುಲೈ ಒಳಗೆ ಕೊಂಬೆಗಳ ತುದಿ ಸವರಿಬಿಡಿ. ಆಗ ಎಲ್ಲ ಕೊಂಬೆಯೂ ಹೆಚ್ಚುಕಮ್ಮಿ ಒಟ್ಟಿಗೆ ಚಿಗುರಿ, ಚಳಿ ಹೊತ್ತಿಗೆ ಒಟ್ಟಿಗೆ ಬಲಿತಿರುತ್ತವೆ. ತೋತಾಪುರಿ ಹೆಚ್ಚುಕಮ್ಮಿ ಪ್ರತಿ ವರ್ಷ ಬಿಡುವ ಜಾತಿ. ಬಾದಾಮಿ ವರ್ಷ ಬಿಟ್ಟು ವರ್ಷದ್ದು. ಅದನ್ನು ಇದಕ್ಕೆ ಹೋಲಿಸಿ ಬೇಜಾರು ಮಾಡಿಕೊಳ್ಳಬೇಡಿ.

ವ್ಯಾಪಾರಿ ಬೇಡ ಅಂದಿದ್ದು ಒಳ್ಳೆಯದೇ ಆಯಿತು ಅನ್ನುತ್ತೇನೆ. ಹೂವಿನ ಮೇಲೆ ತೋಟ ಕೊಡಬೇಡಿ. ಹೀಚು ನಿಂತ ಮೇಲೆ ಮಾತಾಡಿ.

ಪ್ರಶ್ನೆ: ಪಕ್ಕದ ತೋಟದವರು ಕಲ್ಟಾರ್ ಹಾಕಿ ಮುಂಚೆಯೇ ಹೂ ಬರಿಸಿದ್ದಾರೆ. ನಾನೂ ಹಾಕಲಾ? ನಮ್ಮ ಮರಗಳಿಗೆ ಐದು ವರ್ಷ.
– ಮುಳಬಾಗಿಲಿನಿಂದ

ಉತ್ತರ: ಐದು ವರ್ಷದ ಮರಕ್ಕೆ ಬೇಡ. ಮಕ್ಕಳಿಗೆ ಮೂಟೆ ಹೊರಿಸಿದ ಹಾಗೆ. ಕಲ್ಟಾರ್‌ನಲ್ಲಿರುವ ಪ್ಯಾಕ್ಲೊಬ್ಯುಟ್ರಜಾಲ್, ಮರವನ್ನು ಉದ್ದಕ್ಕೆ ಬೆಳೆಸುವ ಜಿಬ್ಬರೆಲಿನ್ ಹಾರ್ಮೋನನ್ನು ತಡೆಯುತ್ತದೆ. ಚಿಗುರುವ ಆಸೆ ಅಡಗಿದರೆ ಹೂವು ಬೇಗ ಬರುತ್ತದೆ. ಆದರೆ ಅದು ಮಣ್ಣಿನಲ್ಲಿ ಬಹಳ ಕಾಲ ಉಳಿಯುತ್ತದೆ. ಅಳತೆ ತಪ್ಪಿದರೆ ಕೊಂಬೆ ಗಿಡ್ಡವಾಗಿ, ಗೊಂಚಲು ಮುದುಡಿಕೊಂಡು ಬರುತ್ತದೆ. ದೊಡ್ಡ, ಗಟ್ಟಿ ಮರ, ಗೊಬ್ಬರ ನೀರು ಸರಿಯಾಗಿ ಕೊಡುವ ತೋಟ ಆದರೆ ತಿಳಿದವರ ಎದುರು ನಿಂತು ಹಾಕಿಸಬಹುದು.

ಇನ್ನೊಂದು ದಾರಿ ಪೊಟ್ಯಾಷಿಯಂ ನೈಟ್ರೇಟ್. ಫಿಲಿಪೀನ್ಸ್‌ನಲ್ಲಿ ರೈತರು ಮೊದಲು ಮಾವಿನ ಮರದ ಕೆಳಗೆ ಹೊಗೆ ಹಾಕಿ ಹೂ ಬರಿಸುತ್ತಿದ್ದರು. ಹಗಲು ರಾತ್ರಿ, ವಾರಗಟ್ಟಲೆ ಹೊಗೆ. ಅಲ್ಲಿನ ರಾಮೋನ್ ಬಾರ್ಬಾ ಅನ್ನುವ ತೋಟಗಾರಿಕೆ ವಿಜ್ಞಾನಿ 1970ರ ದಶಕದಲ್ಲಿ, ಲೀಟರ್ ನೀರಿಗೆ 10 ಗ್ರಾಂ ಪೊಟ್ಯಾಷಿಯಂ ನೈಟ್ರೇಟ್ ಕಲಸಿ ಸಿಂಪಡಿಸಿದರೂ ಹೂ ಬರುತ್ತದೆ ಅಂತ ತೋರಿಸಿಕೊಟ್ಟರು. ಇದೂ ಬಲಿತ ಕೊಂಬೆಯ ಮೇಲೆ ಮಾತ್ರ ಕೆಲಸ ಮಾಡುತ್ತದೆ. ಎಳೆ ಚಿಗುರಿಗೆ ಹೊಡೆದರೆ ದುಡ್ಡು ದಂಡ.

ಪ್ರಶ್ನೆ: ಅಕ್ಕಾ, ನಾವು ಚಿಕ್ಕವರಿದ್ದಾಗ ಯುಗಾದಿಗೆ ಸರಿಯಾಗಿ ಬೇವಿನ ಹೂ ಸಿಗುತ್ತಿತ್ತು. 2023ರ ಹಬ್ಬಕ್ಕೆ ನಮ್ಮ ಬೀದಿ ಮರದಲ್ಲಿ ಮೊಗ್ಗು ಮಾತ್ರ. ಮುಂದಿನ ವರ್ಷ ನೋಡಿದರೆ ಹೂ ಎಲ್ಲ ಉದುರಿ ನೆಲದ ಮೇಲೆ. ಹವಾಮಾನ ಇಷ್ಟು ಕೆಟ್ಟುಹೋಯಿತಾ?
– ಗೃಹಿಣಿ, ತುಮಕೂರು

ಉತ್ತರ: ಹವಾಮಾನದ ಮೇಲೆ ತಪ್ಪು ಹೊರಿಸುವ ಮುಂಚೆ ಗೋಡೆ ಕ್ಯಾಲೆಂಡರ್ ತೆಗೆದು ನೋಡೋಣ. ಯುಗಾದಿ 2023ರಲ್ಲಿ ಮಾರ್ಚ್ 22ಕ್ಕೆ ಬಂತು. 2024ರಲ್ಲಿ ಏಪ್ರಿಲ್ 9ಕ್ಕೆ. 2025ರಲ್ಲಿ ಮಾರ್ಚ್ 30. ಈ ವರ್ಷ, 2026ರಲ್ಲಿ, ಮಾರ್ಚ್ 19ಕ್ಕೇ ಬಂದುಬಿಟ್ಟಿದೆ. ನೀವು ಹೇಳುವ ಎರಡು ಹಬ್ಬಗಳ ನಡುವೆ 18 ದಿನದ ವ್ಯತ್ಯಾಸ. ನಮ್ಮ ಮನೆ ಮುಂದಿನ ಬೇವು ಹೂ ತುಂಬಿ ನಿಲ್ಲುವುದೇ ಎರಡು ಮೂರು ವಾರ. ಆ 18 ದಿನದಲ್ಲಿ ಅದರ ಪೂರ್ತಿ ಕತೆ ಮುಗಿದುಹೋಗುತ್ತದೆ.

ನಮ್ಮ ಹಬ್ಬ ನಡೆಯುವುದು ಚಂದ್ರನ ಲೆಕ್ಕದಲ್ಲಿ. ಹನ್ನೆರಡು ಚಾಂದ್ರಮಾಸ ಕೂಡಿದರೆ 354 ದಿನ. ಸೂರ್ಯನ ವರ್ಷಕ್ಕಿಂತ 11 ದಿನ ಕಮ್ಮಿ. ಅದಕ್ಕೇ ಹಬ್ಬ ಹಿಂದೆ ಹಿಂದೆ ಸರಿಯುತ್ತದೆ, ಅಧಿಕ ಮಾಸ ಬಂದಾಗ ಮತ್ತೆ ಮುಂದಕ್ಕೆ ಜಿಗಿಯುತ್ತದೆ. ಬೇವಿಗೆ ಚಂದ್ರನ ಲೆಕ್ಕ ಗೊತ್ತಿಲ್ಲ. ಅದು ಎಲೆ ಉದುರಿಸಿ, ಬಿಸಿಲು ಏರಿದ ಮೇಲೆ ಹೊಸ ಎಲೆಯ ಜೊತೆಗೆ ಹೂ ಬಿಡುತ್ತದೆ. ಈ ಸಲ ಹಬ್ಬ ಬೇಗ, ಆದ್ದರಿಂದ ಹೂವು ಸಿಗದಿದ್ದರೆ ಎಳೆ ಚಿಗುರು ಹಾಕಿ ಬೇವು ಬೆಲ್ಲ ಮಾಡಿ. ಕಹಿಗೇನೂ ಕೊರತೆ ಆಗುವುದಿಲ್ಲ.

ಹಾಗಂತ ಬಿಸಿಲಿನ ಪಾತ್ರ ಇಲ್ಲ ಅಂತಲ್ಲ. ನನ್ನ ಪುಸ್ತಕದಲ್ಲಿ ಹದಿನೈದು ವರ್ಷದ ಬೇವಿನ ತಾರೀಖುಗಳಿವೆ. ಮೊದಲ ಹೂವಿನ ದಿನ ಎರಡು ವಾರ ಆಚೆ ಈಚೆ ಹೋಗುತ್ತದೆ. ಫೆಬ್ರವರಿ ಬೆಚ್ಚಗಿದ್ದ ವರ್ಷ ಬೇಗ, ತಂಪಾಗಿದ್ದ ವರ್ಷ ತಡ. ಇಷ್ಟು ವರ್ಷದ ಲೆಕ್ಕದಿಂದ ಕಾಲವೇ ಬದಲಾಯಿತು ಅಂತ ನಾನು ಹೇಳಲಾರೆ. ಒಂದು ಊರಿನ ಒಂದು ಮರ ಅದು. ಅಂಥ ಮಾತು ಹೇಳಲು ಎಷ್ಟು ಉದ್ದದ ಲೆಕ್ಕ ಬೇಕು ಅನ್ನುವುದಕ್ಕೆ ಜಪಾನಿನ ಕ್ಯೋಟೋ ನೋಡಿ. ಅಲ್ಲಿ ಚೆರ್ರಿ ಮರ ಹೂ ತುಂಬಿದ ದಿನವನ್ನು ಒಂಬತ್ತನೇ ಶತಮಾನದಿಂದ ಬರೆದಿಟ್ಟಿದ್ದಾರೆ. ಅರಮನೆಯವರ, ಸನ್ಯಾಸಿಗಳ ದಿನಚರಿಗಳಲ್ಲಿ ಹೂವಿನ ಹಬ್ಬದ ತಾರೀಖುಗಳಿದ್ದವು. ಯಾಸುಯುಕಿ ಆವೋನೋ ಅನ್ನುವ ವಿಜ್ಞಾನಿ ಅವನ್ನೆಲ್ಲ ಕೂಡಿಸಿದರು. 2021ರಲ್ಲಿ ಅಲ್ಲಿ ಮಾರ್ಚ್ 26ಕ್ಕೇ ಹೂ ತುಂಬಿತು. ಆ 1,200 ವರ್ಷದ ಲೆಕ್ಕದಲ್ಲಿ ಅಷ್ಟು ಬೇಗ ಎಂದೂ ಆಗಿರಲಿಲ್ಲ. ಅದನ್ನು ಓದಿದಾಗ ನನಗೆ ನಿಜಕ್ಕೂ ಭಯವಾಯಿತು. ನಮ್ಮಲ್ಲೂ ಅಜ್ಜಂದಿರು ಬೇವು ಹೂ ಬಿಟ್ಟ ತಾರೀಖನ್ನು ಪಂಚಾಂಗದ ಅಂಚಿನಲ್ಲಿ ಬರೆದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಅಲ್ವಾ? ನಿಮ್ಮ ಬೀದಿ ಮರದಲ್ಲಿ ಮೊದಲ ಹೂ ಕಂಡ ದಿನ ಕ್ಯಾಲೆಂಡರಿನ ಆ ಚೌಕದಲ್ಲಿ ಒಂದು ಗುರುತು ಹಾಕಿ. ಹಾಲಿನ ಲೆಕ್ಕ ಬರೆಯುವ ಜಾಗದಲ್ಲೇ.

ಪ್ರಶ್ನೆ: ಎರಡು ವರ್ಷದಿಂದ ಮಳೆಗೆ ಮೋಸ ಇಲ್ಲ. ಆದರೂ ತೆಂಗಿನಲ್ಲಿ ಕಾಯಿ ಕಮ್ಮಿ. ಹೊಂಬಾಳೆ ಬರುತ್ತದೆ, ಹರಳು (ಎಳೆಗಾಯಿ) ನಿಲ್ಲುವುದಿಲ್ಲ. ಗೊಬ್ಬರದ ತಪ್ಪಾ?
– ತೆಂಗು ಬೆಳೆಗಾರರು, ತಿಪಟೂರು

ಉತ್ತರ: ತೆಂಗನ್ನು ಮಾವಿನ ಹಾಗೆ ನೋಡಬೇಡಿ. ಮಾವಿನದು ವರ್ಷದ ಲೆಕ್ಕ. ತೆಂಗಿನದು ಇನ್ನೂ ಉದ್ದ.

ಸುಳಿಯ ಒಳಗೆ, ಇನ್ನೂ ಹೊರಗೆ ಬಾರದ ಗರಿಯ ಕಂಕುಳಲ್ಲಿ, ಹೊಂಬಾಳೆಯ ಕಣ್ಣು ಮೂಡುವುದು ಅದು ಒಡೆಯುವುದಕ್ಕೆ ಸುಮಾರು 32 ತಿಂಗಳ ಮುಂಚೆ. ಹೊಂಬಾಳೆ ಒಡೆದ ಮೇಲೆ ಕಾಯಿ ಬಲಿಯಲು ಇನ್ನೊಂದು ವರ್ಷ. ಇವತ್ತು ನೀವು ಕೆಡವಿದ ಕಾಯಿ ಮರದ ಹೊಟ್ಟೆಯಲ್ಲಿ ಶುರುವಾಗಿದ್ದು ಮೂರೂವರೆ ವರ್ಷಕ್ಕೂ ಹಿಂದೆ ಅಂತಾಯಿತು. ಈ ದಾರಿಯಲ್ಲಿ ಬರ ಎಲ್ಲಿ ಬೇಕಾದರೂ ಹೊಡೆಯಬಹುದು. ಕಣ್ಣು ಮೂಡುವಾಗ ನೀರಿಲ್ಲದಿದ್ದರೆ ಹೊಂಬಾಳೆಯೇ ಒಳಗೆ ಬಾಡುತ್ತದೆ. ಹೆಣ್ಣು ಹೂವು ರೂಪುಗೊಳ್ಳುವಾಗ ಸಿಕ್ಕರೆ ಅವುಗಳ ಸಂಖ್ಯೆ ಇಳಿಯುತ್ತದೆ. ಒಡೆದ ಮೇಲೆ ಸಿಕ್ಕರೆ ಹರಳು ಉದುರುತ್ತದೆ.

2023 ನೆನಪಿದೆಯಾ? ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರ ಘೋಷಿಸಿತ್ತು. ಅದರ ಬೆನ್ನಿಗೇ 2024ರ ಬೇಸಿಗೆ ಸುಟ್ಟುಹಾಕಿತು. ನಿಮ್ಮ ತೋಟದಲ್ಲಿ ಆಗ ಎಷ್ಟು ನೀರು ಇತ್ತು ಅಂತ ನೆನೆಸಿಕೊಳ್ಳಿ. ಆ ದಿನಗಳಲ್ಲಿ ಕಣ್ಣು ಮೂಡಿದ ಹೊಂಬಾಳೆಗಳು ಈಗ ಒಡೆಯುತ್ತಿವೆ. ಮಳೆ ಬಂದ ಮೇಲೆ ರಾಗಿ ಚೇತರಿಸಿಕೊಂಡ ವೇಗಕ್ಕೆ ತೆಂಗು ಚೇತರಿಸಿಕೊಳ್ಳುವುದಿಲ್ಲ.

ಬರ ಒಂದನ್ನೇ ದೂರಿ ಕೂರಬೇಡಿ ಅಂತಲೂ ಹೇಳುತ್ತೇನೆ. ಹರಳು ಉದುರುವುದಕ್ಕೆ ಪೊಟ್ಯಾಷ್, ಬೋರಾನ್ ಕೊರತೆಯೂ ಕಾರಣ ಆಗಬಹುದು. ಗರಿಯ ಕೆಳಭಾಗ ತಿರುಗಿಸಿ ನೋಡಿ. ಬಿಳಿನೊಣ, ಕಪ್ಪುತಲೆ ಹುಳು ಇದ್ದರೆ ಮರದ ಶಕ್ತಿ ಅಲ್ಲೇ ಸೋರುತ್ತಿರುತ್ತದೆ. ಬುಡದ ಮಣ್ಣು ಪರೀಕ್ಷೆ ಮಾಡಿಸಿ. ಸಿಪ್ಪೆ, ಗರಿ ಸುಡದೆ ಬುಡಕ್ಕೆ ಮುಚ್ಚಿ. ಬೇಸಿಗೆಯಲ್ಲಿ ಒಂದು ಸಲ ಹೊಂಡ ತುಂಬಿಸುವ ಬದಲು ಸ್ವಲ್ಪ ಸ್ವಲ್ಪವೇ, ತಪ್ಪದೆ ನೀರು ಕೊಡಿ. ಇವತ್ತು ಕೊಟ್ಟ ನೀರಿನ ಕಾಯಿ 2029ರಲ್ಲಿ ಕೈಗೆ ಬರುತ್ತದೆ.

ಪ್ರಶ್ನೆ: ಹುಣಸೆಗೂ ಚಳಿ ಬೇಕಾ?
– ಶಿರಾದಿಂದ

ಉತ್ತರ: ಬೇಡ. ಹುಣಸೆ ಬೇಸಿಗೆಯಲ್ಲಿ ಚಿಗುರಿ, ಮೇ ತಿಂಗಳಿಂದ ಜುಲೈವರೆಗೆ ಹೂ ಬಿಡುತ್ತದೆ. ಹಳದಿ ದಳದ ಮೇಲೆ ಕೆಂಪು ಗೀರು, ಎಷ್ಟು ಚಂದದ ಹೂವು! ಎಲೆ ನಡುವೆ ಸಿಕ್ಕಿಕೊಂಡಿರುವುದರಿಂದ ಯಾರೂ ತಲೆ ಎತ್ತಿ ನೋಡುವುದಿಲ್ಲ. ಹೂ ತುಂಬಿದಾಗ ಮಳೆ ಬಿರುಸಾಗಿ ಹೊಡೆದರೆ ಹೂವೂ ಉದುರುತ್ತದೆ, ಜೇನೂ ಹೊರಡುವುದಿಲ್ಲ. ಈಗ ನೀವು ಬಡಿದು ಇಳಿಸುತ್ತಿರುವ ಹಣ್ಣು ಹೋದ ಮುಂಗಾರಿನ ಹೂವು. ಎಂಟು ಹತ್ತು ತಿಂಗಳು ಮರದಲ್ಲೇ ಇತ್ತು.

ಪ್ರಶ್ನೆ: ಮೇಡಂ, ಇದು ಮರದ ಪ್ರಶ್ನೆ ಅಲ್ಲ, ಕ್ಷಮಿಸಿ. ಮನೆಯ ನಾಟಿ ಅವರೆ ಬೀಜವನ್ನು ಜನವರಿ ಕೊನೆಗೆ ನೀರಾವರಿಯಲ್ಲಿ ಹಾಕಿದೆ. ಬಳ್ಳಿ ಹಬ್ಬಿದೆ, ಹೂವಿನ ಸುಳಿವಿಲ್ಲ. ಬೀಜ ಕೆಟ್ಟಿದೆಯಾ?
– ಶಿಡ್ಲಘಟ್ಟ ತಾಲ್ಲೂಕಿನಿಂದ

ಉತ್ತರ: ಬೀಜ ಚೆನ್ನಾಗಿದೆ, ಕಾಲ ತಪ್ಪಿದೆ. ನಾಟಿ ಅವರೆ ಬಿಸಿಲು ಮಳೆ ನೋಡುವುದಿಲ್ಲ, ರಾತ್ರಿ ಎಷ್ಟು ಉದ್ದ ಅಂತ ನೋಡುತ್ತದೆ. ನಮ್ಮ ಕಡೆ ಜೂನ್ ಹಗಲಿಗೂ ಡಿಸೆಂಬರ್ ಹಗಲಿಗೂ ಇರುವ ವ್ಯತ್ಯಾಸ ಸುಮಾರು ಒಂದೂವರೆ ಗಂಟೆ. ನಮಗೆ ಅದು ಅಷ್ಟಾಗಿ ತಿಳಿಯುವುದಿಲ್ಲ, ಅವರೆಗೆ ತಿಳಿಯುತ್ತದೆ. ಅದಕ್ಕೇ ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಜುಲೈನಲ್ಲಿ ಹಾಕಿದ್ದೂ, ಆಗಸ್ಟ್‌ನಲ್ಲಿ ಹಾಕಿದ್ದೂ ರಾತ್ರಿ ಉದ್ದವಾದ ಮೇಲೆ ಒಟ್ಟಿಗೆ ಹೂ ಬಿಟ್ಟು, ಸೊಗಡು ತುಂಬಿಕೊಂಡು ಸಂತೆಗೆ ಬರುವುದು. ಈಗ ಹಗಲು ಬೆಳೆಯುತ್ತಿದೆ. ನಿಮ್ಮ ಬಳ್ಳಿ ಹಸುವಿಗೆ ಮೇವಾಗಲಿ. ಬೇಸಿಗೆಗೆ ಬೇಕಾದರೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ ತಳಿಗಳಿವೆ, ಅವಕ್ಕೆ ಈ ಹಂಗಿಲ್ಲ.

ಚಿಕ್ಕಬಳ್ಳಾಪುರ ಕಡೆ ರಾತ್ರಿ ಬಸ್ಸಿನಲ್ಲಿ ಹೋಗುವಾಗ ಸೇವಂತಿಗೆ ತೋಟಗಳಲ್ಲಿ ಸಾಲು ಸಾಲು ಬಲ್ಬು ಉರಿಯುವುದು ನೋಡಿರುತ್ತೀರಿ. ಅದೂ ಇದೇ ಲೆಕ್ಕ. ಸೇವಂತಿಗೆಯೂ ಉದ್ದ ರಾತ್ರಿಗೆ ಹೂ ಬಿಡುವ ಗಿಡ. ಬೆಳಕು ಕೊಟ್ಟು ರಾತ್ರಿಯನ್ನು ಮುರಿದರೆ ಅದು ಹೂವು ತಡೆದು ಎತ್ತರಕ್ಕೆ ಬೆಳೆಯುತ್ತದೆ.

ಪ್ರಶ್ನೆ: ಟೀಚರ್, ನಾನು ಎಂಟನೇ ಕ್ಲಾಸ್. ನಮ್ಮ ಸ್ಕೂಲ್ ಹಿಂದಿನ ಗುಡ್ಡದಲ್ಲಿ ಮುತ್ತುಗದ ಮರ ಇದೆ. ಒಂದು ಎಲೆ ಇಲ್ಲ, ಮೈತುಂಬ ಕೇಸರಿ ಹೂವು. ನೆಲ ಒಣಗಿದೆ, ಮಳೆ ಬಂದು ಮೂರು ತಿಂಗಳಾಯಿತು. ಅದಕ್ಕೆ ನೀರು ಎಲ್ಲಿಂದ ಬಂತು?
– ವಿದ್ಯಾರ್ಥಿನಿ, ಗೌರಿಬಿದನೂರು

ಉತ್ತರ: ಪುಟ್ಟಾ, ಈ ತಿಂಗಳ ಪ್ರಶ್ನೆಗಳಲ್ಲಿ ನನಗೆ ಜಾಸ್ತಿ ಖುಷಿ ಕೊಟ್ಟಿದ್ದು ನಿನ್ನದು.

ಮರದ ನೀರು ಅತಿ ಹೆಚ್ಚು ಖರ್ಚಾಗುವುದು ಎಲೆಯಿಂದ. ಎಲೆಯ ಸಣ್ಣ ಸಣ್ಣ ರಂಧ್ರಗಳಿಂದ ಹಗಲೆಲ್ಲ ಆವಿ ಹೋಗುತ್ತಲೇ ಇರುತ್ತದೆ. ಮಳೆ ನಿಂತು ನೆಲ ಒಣಗುತ್ತಾ ಬಂದಾಗ ಮುತ್ತುಗ ಎಲೆ ಉದುರಿಸಿಬಿಡುತ್ತದೆ. ನಲ್ಲಿ ತಿರುಗಿಸಿ ನಿಲ್ಲಿಸಿದ ಹಾಗೆ. ಆದರೆ ಬೇರು ಆಳದಲ್ಲಿದೆ, ಅದು ನೀರು ಎಳೆಯುವುದನ್ನು ಬಿಟ್ಟಿಲ್ಲ. ಆ ನೀರು ಕಾಂಡದಲ್ಲಿ, ಕೊಂಬೆಯಲ್ಲಿ ತುಂಬಿಕೊಳ್ಳುತ್ತದೆ. ಮೊಗ್ಗು ಉಬ್ಬಿ ಅರಳುವುದು ಆ ನೀರಿನಿಂದ. ನಿನಗೆ ಎಲೆ ಇಲ್ಲದೆ ಬೋಳಾಗಿ ಕಾಣುವ ಮರದ ಒಳಗೆ ನೀರಿದೆ.

ಎಲೆ ಇಲ್ಲದಿರುವುದರಿಂದ ಇನ್ನೊಂದು ಲಾಭ. ನಾಳೆ ಬೆಳಿಗ್ಗೆ ಶಾಲೆಗೆ ಸ್ವಲ್ಪ ಮುಂಚೆ ಹೋಗಿ ಮರದಿಂದ ಇಪ್ಪತ್ತು ಹೆಜ್ಜೆ ದೂರ ನಿಂತುಕೊ. ಗೊರವಂಕ ಬರುತ್ತವೆ, ಸೂರಕ್ಕಿ ಬರುತ್ತವೆ, ಅಳಿಲೂ ಬರಬಹುದು. ದೂರದಿಂದಲೇ ಹೂವು ಅವಕ್ಕೆ ಕಾಣುತ್ತದೆ. ಉದುರಿದ ಒಂದು ಹೂವು ಎತ್ತಿ ನೋಡು. ಗಿಣಿಯ ಕೊಕ್ಕಿನ ಹಾಗೆ ಬಾಗಿದ ದಳ ಇದೆಯಲ್ಲ, ಅದನ್ನು ಮೆಲ್ಲಗೆ ಬಿಡಿಸು. ಒಳಗೆ ಕೇಸರಗಳು ಅದೇ ಬಾಗಿನಲ್ಲಿ ಕೂತಿರುತ್ತವೆ. ಹಕ್ಕಿ ಮಕರಂದಕ್ಕೆ ತಲೆ ಹಾಕಿದಾಗ ಪರಾಗ ಅದಕ್ಕೆ ಮೆತ್ತಿಕೊಳ್ಳುತ್ತದೆ. ತೊಟ್ಟಿನ ಬುಡದ ಕಪ್ಪು ಬಟ್ಟಲು ಮುಟ್ಟಿದರೆ ಮಖಮಲ್ಲಿನ ಹಾಗೆ ಇರುತ್ತದೆ.

ಹೂವು ಮುಗಿದ ಮೇಲೆ ಚಪ್ಪಟೆ ಕಾಯಿ ಬರುತ್ತದೆ, ತುದಿಯಲ್ಲಿ ಒಂದೇ ಬೀಜ. ಮೇ, ಜೂನ್ ಹೊತ್ತಿಗೆ ಒಣಗಿ ಗಾಳಿಗೆ ಹಾರುತ್ತದೆ. ಆಗ ಮುಂಗಾರು ಬಾಗಿಲಲ್ಲಿರುತ್ತದೆ. ಈಗ ಹೂ ಬಿಟ್ಟರೆ ತಾನೇ ಮಳೆಗೆ ಸರಿಯಾಗಿ ಬೀಜ ನೆಲದ ಮೇಲೆ ಇರುವುದು? ಮಾವಿಗೆ ಚಳಿ ಹೇಗೋ ಹಾಗೆ ಮುತ್ತುಗಕ್ಕೆ ಈ ಒಣಹವೆ. ಮಾಘ ಮಾಸದಲ್ಲಿ ಅಕಾಲ ಮಳೆ ಬಂದರೆ ಹೂವು ಹೇಗೆ ಏರುಪೇರಾಗುತ್ತದೆ ಅಂತ ನೀನೇ ನೋಡಿ ತಿಳಿದುಕೊಳ್ಳಬಹುದು.

ಅದಕ್ಕೆ ಒಂದು ದಾರಿ ಹೇಳುತ್ತೇನೆ. ಸೀಸನ್‌ವಾಚ್ ಅಂತ ದೇಶದ ತುಂಬ ನಡೆಯುವ ಕೆಲಸ ಒಂದಿದೆ. ಶಾಲೆಯ ಮಕ್ಕಳು ಒಂದು ಮರವನ್ನು ತಮ್ಮದು ಅಂತ ಆರಿಸಿಕೊಂಡು ವಾರಕ್ಕೊಮ್ಮೆ ಎಲೆ, ಹೂವು, ಕಾಯಿ ಎಷ್ಟಿವೆ ಅಂತ ಬರೆದು ಕಳಿಸುತ್ತಾರೆ. ನಿಮ್ಮ ವಿಜ್ಞಾನದ ಟೀಚರನ್ನು ಕೇಳಿ ಮುತ್ತುಗವನ್ನೇ ಆರಿಸಿಕೊ. ಅದಕ್ಕೆ ಮುಂಚೆ ಮಾತ್ರ ಇವತ್ತೇ ನೋಟ್‌ಬುಕ್ಕಿನ ಕೊನೆ ಪುಟದಲ್ಲಿ ಮೊದಲ ಸಾಲು ಬರೆದುಬಿಡು. ತಾರೀಖು, ಎಲೆ ಇಲ್ಲ, ಹೂ ತುಂಬಿದೆ. ಮೊದಲ ಬೀಜ ಹಾರಿದ ದಿನ ಮತ್ತು ಮೊದಲ ಮಳೆ ಬಿದ್ದ ದಿನ, ಎರಡನ್ನೂ ನನಗೆ ಬರೆದು ಕಳಿಸು. ನಾನು ಕಾಯುತ್ತಿರುತ್ತೇನೆ.